ಹೈಸ್ಕೂಲಿನ ಹೊರಬಾಗಿಲು, ಕಾಲೇಜಿನ ಒಳಬಾಗಿಲು

ಅಮೆರಿಕದ ರಾಜ್ಯಗಳು ಕಳೆದ ಎರಡು ದಶಕಗಳಲ್ಲಿ ರೂಪಿಸಿಕೊಂಡ ಶಾಲಾ ಶಿಕ್ಷಣ ನೀತಿಗಳನ್ನು ಓದುವವರಿಗೆ ‘ಕಾಲೇಜು ಮತ್ತು ಉದ್ಯೋಗ ಸಿದ್ಧತೆ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ವಯಸ್ಸಿನಲ್ಲಿ, ಹನ್ನೆರಡನೆಯ ತರಗತಿ ಮುಗಿಸಿ ಹೈಸ್ಕೂಲಿನಿಂದ ಹೊರಬೀಳುವ ಹುಡುಗ ಹುಡುಗಿಯರು ಮುಂದೆ ಏನು ಮಾಡಲು ಸಮರ್ಥರಾಗಿರಬೇಕು, ಆ ಸಾಮರ್ಥ್ಯ ಬಂದಿದೆಯೆಂದು ಹೇಳುವ ಅಧಿಕಾರ ಯಾರದು, ಬಂದಿರದಿದ್ದರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳು ಆ ಮಾತಿನ ಒಳಗಿವೆ. ನೆರೆಹೊರೆಯ ರಾಜ್ಯಗಳಾದ ಕೆಂಟಕಿ ಮತ್ತು ಟೆನೆಸಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಬಗೆ ವಿವರವಾಗಿ ತಿಳಿಯಬೇಕಾದದ್ದು. ಏಕೆಂದರೆ ಮಕ್ಕಳ ಅಸಾಮರ್ಥ್ಯವೆಂದು ದಶಕಗಳ ಕಾಲ ಎಣಿಸಿದ್ದರಲ್ಲಿ ಎಷ್ಟೋ ಪಾಲು ಶಾಲೆ ಮತ್ತು ಕಾಲೇಜುಗಳು ಪರಸ್ಪರ ಮಾತನಾಡದೆ ಉಳಿದದ್ದರ ಫಲ ಎಂಬುದು ಆ ಎರಡು ರಾಜ್ಯಗಳ ಅನುಭವದಿಂದ ಹೊರಬಿತ್ತು.

ಮೊದಲು ಪದದ ಅರ್ಥ. ಕಾಲೇಜು ಸಿದ್ಧತೆಗೆ ಬಹುತೇಕ ರಾಜ್ಯಗಳು ಒಪ್ಪಿಕೊಂಡಿರುವ ವಿವರಣೆ ಶಿಕ್ಷಣತಜ್ಞ ಡೇವಿಡ್ ಕಾನ್ಲಿ 2007ರಲ್ಲಿ ಮಂಡಿಸಿದ್ದಕ್ಕೆ ಹತ್ತಿರವಾಗಿದೆ: ಶಾಲಾಮಟ್ಟದ ಪಾಠವನ್ನು ಮತ್ತೊಮ್ಮೆ ಕಲಿಯುವ ಅಗತ್ಯವಿಲ್ಲದೆ, ಕಾಲೇಜಿನ ಮೊದಲ ವರ್ಷದ ಕ್ರೆಡಿಟ್ ತರಗತಿಗೆ ಸೇರಿ ಅದರಲ್ಲಿ ಯಶಸ್ವಿಯಾಗಬಲ್ಲ ವಿದ್ಯಾರ್ಥಿ ಸಿದ್ಧನಾಗಿದ್ದಾನೆ. ಕ್ರೆಡಿಟ್ ಎಂದರೆ ಪದವಿಗೆ ಲೆಕ್ಕವಾಗುವ ಬೋಧನೆಯ ಅಳತೆ. ನಿಗದಿತ ಸಂಖ್ಯೆಯ ಕ್ರೆಡಿಟ್‌ಗಳನ್ನು ಗಳಿಸಿದವರಿಗೆ ಪದವಿ. ಕಾಲೇಜಿನ ಪ್ರವೇಶ ಹಂತದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ಆ ತರಗತಿಗೆ ಬಿಡದೆ ಬೀಜಗಣಿತ, ಓದು, ಬರವಣಿಗೆಗಳ ಪರಿಹಾರ ಬೋಧನೆಗೆ ಕಳಿಸುವುದು ಬಹುಕಾಲದ ಪದ್ಧತಿಯಾಗಿತ್ತು. ಈ ತರಗತಿಗಳಿಗೆ ವಿದ್ಯಾರ್ಥಿ ಶುಲ್ಕ ಕಟ್ಟಬೇಕು, ಒಂದೆರಡು ಸೆಮಿಸ್ಟರ್ ಕಳೆಯಬೇಕು, ಆದರೆ ಪದವಿಯ ಲೆಕ್ಕಕ್ಕೆ ಒಂದೂ ಕ್ರೆಡಿಟ್ ಸೇರುವುದಿಲ್ಲ. 2003–04ರಲ್ಲಿ ಕಾಲೇಜು ಸೇರಿದವರನ್ನು ಆರು ವರ್ಷ ಹಿಂಬಾಲಿಸಿದ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ಅಧ್ಯಯನದ ಪ್ರಕಾರ, ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ ಶೇ 68ರಷ್ಟು ಮತ್ತು ನಾಲ್ಕು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ ಶೇ 40ರಷ್ಟು ವಿದ್ಯಾರ್ಥಿಗಳು ಇಂಥ ಒಂದಾದರೂ ತರಗತಿಯಲ್ಲಿ ಕುಳಿತಿದ್ದರು. ಅವರಲ್ಲಿ ಬಹುತೇಕರ ಕೈಯಲ್ಲಿ ಹೈಸ್ಕೂಲಿನ ಡಿಪ್ಲೊಮಾ, ಅಂದರೆ ಶಾಲೆ ಮುಗಿಸಿದ ಅರ್ಹತಾಪತ್ರ ಇತ್ತು. ಸಾಕಷ್ಟು ಕಲಿತಿದ್ದೀರಿ ಎಂದು ಒಂದು ಸಾರ್ವಜನಿಕ ಸಂಸ್ಥೆ ಜೂನ್ ತಿಂಗಳಲ್ಲಿ ಬರೆದುಕೊಟ್ಟದ್ದನ್ನು ಇನ್ನೊಂದು ಸಾರ್ವಜನಿಕ ಸಂಸ್ಥೆ ಆಗಸ್ಟ್‌ನಲ್ಲಿ ತಳ್ಳಿಹಾಕುತ್ತಿತ್ತು. ಎರಡನ್ನೂ ನಡೆಸುತ್ತಿದ್ದುದು ಒಂದೇ ರಾಜ್ಯದ ತೆರಿಗೆ ಹಣ.

ಇದು ಸಾಧ್ಯವಾದದ್ದು ಹೇಗೆಂದು ತಿಳಿಯಲು ಅಲ್ಲಿನ ಆಡಳಿತದ ಕಟ್ಟನ್ನು ನೋಡಬೇಕು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರಗಳೆಲ್ಲ ರಾಜ್ಯಗಳಿಗೆ ಸೇರಿದ್ದು ಎನ್ನುವ ಹತ್ತನೆಯ ತಿದ್ದುಪಡಿಯ ಬಲದಿಂದ ಅದು ರಾಜ್ಯದ ವಿಷಯವಾಗಿ ಉಳಿದಿದೆ, ಶಾಲೆಗಳ ಒಟ್ಟು ವೆಚ್ಚದಲ್ಲಿ ಕೇಂದ್ರದ ಪಾಲು ಸುಮಾರು ಹತ್ತರಲ್ಲಿ ಒಂದು ಭಾಗ ಮಾತ್ರ. ರಾಜ್ಯಗಳು ದೈನಂದಿನ ಆಡಳಿತವನ್ನು ಶಾಲಾ ಜಿಲ್ಲೆಗಳಿಗೆ ಬಿಟ್ಟುಕೊಟ್ಟಿವೆ. ಶಾಲಾ ಜಿಲ್ಲೆಯೆಂದರೆ ಕಂದಾಯ ಜಿಲ್ಲೆಯಲ್ಲ. ಸಾಮಾನ್ಯವಾಗಿ ಚುನಾಯಿತ ಮಂಡಳಿಯನ್ನೂ, ಮನೆ ಜಮೀನುಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನೂ ಹೊಂದಿದ ಸ್ಥಳೀಯ ಸಂಸ್ಥೆ. ಆಸ್ತಿಯ ಬೆಲೆ ಹೆಚ್ಚಿರುವ ಊರಿನ ಶಾಲೆಗೆ ಹಣ ಹೆಚ್ಚು, ಬಡ ಊರಿನ ಶಾಲೆಗೆ ಕಡಿಮೆ. ರಾಜ್ಯವಿಡೀ ಒಂದೇ ಪ್ರಶ್ನೆಪತ್ರಿಕೆ ಬರೆದು ಪಾಸಾಗುವ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯ ಪರಂಪರೆ ಬಹುತೇಕ ಕಡೆ ಇಲ್ಲ. ಇಂತಿಷ್ಟು ವರ್ಷ ಇಂಗ್ಲಿಷ್, ಇಂತಿಷ್ಟು ವರ್ಷ ಗಣಿತ ಎಂದು ತರಗತಿಗಳನ್ನು ಎಣಿಸಿ ಡಿಪ್ಲೊಮಾ ಕೊಡುವುದು ವಾಡಿಕೆ. 1906ರ ಸುಮಾರಿಗೆ ರೂಪುಗೊಂಡ ಕಾರ್ನೆಗಿ ಯೂನಿಟ್ ಎಂಬ ಈ ಎಣಿಕೆಯ ಕ್ರಮ ತರಗತಿಯಲ್ಲಿ ಕಳೆದ ಗಂಟೆಗಳನ್ನು ಅಳೆಯುತ್ತದೆ, ಕಲಿತದ್ದನ್ನು ಅಳೆಯುವುದಿಲ್ಲ.

ಹೈಸ್ಕೂಲು ಯಾರಿಗಾಗಿ ಎಂಬ ಜಗಳವೂ ಹಳೆಯದೇ. ಹದಿಹರೆಯದವರಲ್ಲಿ ಹತ್ತರಲ್ಲಿ ಒಬ್ಬರೂ ಹೈಸ್ಕೂಲಿಗೆ ಹೋಗದಿದ್ದ ಕಾಲದಲ್ಲಿ, 1892ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರ ನೇತೃತ್ವದಲ್ಲಿ ನೇಮಕಗೊಂಡ ‘ಹತ್ತು ಜನರ ಸಮಿತಿ’ಯು ಕಾಲೇಜಿಗೆ ಹೋಗುವವರಿಗೂ ಹೋಗದವರಿಗೂ ಒಂದು ವಿಷಯವನ್ನು ಒಂದೇ ರೀತಿಯಲ್ಲಿ ಕಲಿಸಬೇಕೆಂದು ಶಿಫಾರಸು ಮಾಡಿತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಗಾಳಿ ತಿರುಗಿತ್ತು. 1917ರ ಸ್ಮಿತ್–ಹ್ಯೂಸ್ ಕಾಯ್ದೆಯು ಕೃಷಿ, ಗೃಹವಿಜ್ಞಾನ ಮತ್ತು ಕೈಗಾರಿಕಾ ಕಸುಬುಗಳ ಬೋಧನೆಗೆ ಕೇಂದ್ರದ ಹಣ ತಂದಿತು. ಅದರ ಜೊತೆಗೆ ಪ್ರತ್ಯೇಕ ಮಂಡಳಿ, ಪ್ರತ್ಯೇಕ ಶಿಕ್ಷಕರು, ಪ್ರತ್ಯೇಕ ತರಗತಿಗಳೂ ಬಂದವು. ಬಡವರ, ವಲಸಿಗರ, ಕಪ್ಪುಜನರ ಮಕ್ಕಳನ್ನು ಹದಿನಾಲ್ಕು ಹದಿನೈದನೆಯ ವಯಸ್ಸಿನಲ್ಲೇ ಕಸುಬಿನ ಕಡೆಗೆ ತಿರುಗಿಸಿ, ಕಾಲೇಜಿನ ದಾರಿಯನ್ನು ಉಳಿದವರಿಗೆ ಮೀಸಲಿಡುವ ಪದ್ಧತಿ ಇದರಿಂದ ಗಟ್ಟಿಯಾಯಿತು. ಎಲ್ಲ ಮಕ್ಕಳನ್ನೂ ಎರಡಕ್ಕೂ ಸಿದ್ಧಗೊಳಿಸಬೇಕೆಂದು ಇಂದಿನ ನೀತಿಗಳು ಪಟ್ಟುಹಿಡಿಯುವುದರ ಹಿಂದೆ ಈ ಅನ್ಯಾಯದ ನೆನಪಿದೆ. ವೃತ್ತಿಶಿಕ್ಷಣ ವಿಸ್ತರಿಸುವ ಮಾತು ಬಂದಾಗಲೆಲ್ಲ ಅಲ್ಲಿನ ನಾಗರಿಕ ಹಕ್ಕು ಸಂಘಟನೆಗಳು ಸಂಶಯದಿಂದ ನೋಡುವುದಕ್ಕೆ ಕಾರಣವೂ ಅದೇ.

1983ರಲ್ಲಿ ಅಧ್ಯಕ್ಷ ರೇಗನ್ ಆಡಳಿತದ ಆಯೋಗವೊಂದು ದೇಶ ಅಪಾಯದಲ್ಲಿದೆಯೆಂದು ಸಾರಿ, ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಇಂಗ್ಲಿಷ್, ಮೂರು ಮೂರು ವರ್ಷ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಕಡ್ಡಾಯವಾಗಬೇಕೆಂದಿತು. ಜಾರ್ಜ್ ಡಬ್ಲ್ಯು. ಬುಷ್ 2002ರ ಜನವರಿಯಲ್ಲಿ ಸಹಿ ಹಾಕಿದ ‘ಯಾವ ಮಗುವೂ ಹಿಂದುಳಿಯಬಾರದು’ ಕಾಯ್ದೆಯಾದರೋ 2014ರ ಹೊತ್ತಿಗೆ ಪ್ರತಿಯೊಂದು ಮಗುವೂ ಓದು ಮತ್ತು ಗಣಿತದಲ್ಲಿ ಪ್ರಾವೀಣ್ಯ ಪಡೆದಿರಬೇಕೆಂದು ವಿಧಿಸಿ, ಪ್ರಾವೀಣ್ಯದ ಮಟ್ಟವನ್ನು ನಿಗದಿಪಡಿಸುವ ಕೆಲಸವನ್ನು ರಾಜ್ಯಗಳಿಗೇ ಬಿಟ್ಟಿತು. ಗುರಿ ತಪ್ಪಿದರೆ ಶಿಕ್ಷೆ, ಗುರಿಯ ಎತ್ತರ ಮಾತ್ರ ತಮ್ಮದೇ ಆಯ್ಕೆ ಎಂದಾದಾಗ ಹಲವು ರಾಜ್ಯಗಳು ಮಟ್ಟವನ್ನು ಕೆಳಗಿಳಿಸಿಕೊಂಡವು. ಶಾಲೆಯ ಅಳತೆಗೋಲನ್ನು ಶಾಲೆಯ ಹೊರಗಿನ ಯಾವುದಾದರೂ ನಿಜಸ್ಥಿತಿಗೆ ಕಟ್ಟಿಹಾಕದಿದ್ದರೆ ಅದು ಸವಕಲಾಗುತ್ತದೆ ಎಂಬ ಅರಿವು ಈ ಕಾಯ್ದೆಯ ಸೋಲಿನಿಂದ ಬಂದದ್ದು. ಕಾಲೇಜಿನ ಮೊದಲ ವರ್ಷ ಮತ್ತು ಮೊದಲ ಉದ್ಯೋಗ ಆ ಹೊರಗಿನ ಆಧಾರವಾಗಬಹುದೆಂದು ನೀತಿಕಾರರು ಯೋಚಿಸತೊಡಗಿದರು.

ಕೆಂಟಕಿ ಅದನ್ನು ಎಲ್ಲರಿಗಿಂತ ಮೊದಲು ಕಾನೂನಿನ ಭಾಷೆಗೆ ತಂದ ರಾಜ್ಯಗಳಲ್ಲಿ ಒಂದು. ಪೂರ್ವಕ್ಕೆ ಅಪಲಾಚಿಯನ್ ಬೆಟ್ಟಸೀಮೆಯ ಕಲ್ಲಿದ್ದಲ ಗಣಿಗಳು, ನಡುವೆ ಕುದುರೆ ಸಾಕುವ ಹುಲ್ಲುಗಾವಲುಗಳು, ಪಶ್ಚಿಮಕ್ಕೆ ತಂಬಾಕು ಮತ್ತು ಮೆಕ್ಕೆಜೋಳದ ಹೊಲಗಳಿರುವ ಈ ರಾಜ್ಯ ಶಿಕ್ಷಣದಲ್ಲಿ ಬಹುಕಾಲ ದೇಶದ ಕೊನೆಯ ಸಾಲಿನಲ್ಲಿತ್ತು. ಆಸ್ತಿ ತೆರಿಗೆಯ ಅಸಮಾನತೆಯ ವಿರುದ್ಧ 66 ಬಡ ಶಾಲಾ ಜಿಲ್ಲೆಗಳು ಒಟ್ಟುಗೂಡಿ 1985ರಲ್ಲಿ ಮೊಕದ್ದಮೆ ಹೂಡಿದವು. ಅವುಗಳ ಪರವಾಗಿ ವಾದಿಸಿದವರು ಅದೇ ರಾಜ್ಯದ ಮಾಜಿ ಗವರ್ನರ್ ಬರ್ಟ್ ಕೋಂಬ್ಸ್. (ಅಮೆರಿಕದ ಗವರ್ನರ್ ಜನರಿಂದ ಆಯ್ಕೆಯಾದ ಆಡಳಿತ ಮುಖ್ಯಸ್ಥ, ಭಾರತದ ರಾಜ್ಯಪಾಲರಿಗಿಂತ ಮುಖ್ಯಮಂತ್ರಿಗೆ ಹೋಲಿಸಬೇಕಾದ ಹುದ್ದೆ.) 1989ರ ಜೂನ್‌ನಲ್ಲಿ ಕೆಂಟಕಿಯ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಅರ್ಜಿದಾರರು ಕೇಳಿದ್ದಕ್ಕಿಂತ ದೂರ ಹೋಗಿ, ಹಣ ಹಂಚಿಕೆಯ ಕ್ರಮವನ್ನಷ್ಟೇ ಅಲ್ಲದೆ ರಾಜ್ಯದ ಇಡೀ ಶಾಲಾ ವ್ಯವಸ್ಥೆಯನ್ನೇ ಅಸಾಂವಿಧಾನಿಕವೆಂದು ಘೋಷಿಸಿತು.

ಮುಖ್ಯ ನ್ಯಾಯಮೂರ್ತಿ ರಾಬರ್ಟ್ ಸ್ಟೀಫನ್ಸ್ ಬರೆದ ಆ ತೀರ್ಪು, ಸಮರ್ಪಕ ಶಿಕ್ಷಣವೆಂದರೆ ಮಗುವಿನಲ್ಲಿ ಯಾವ ಸಾಮರ್ಥ್ಯಗಳು ಬೆಳೆಯಬೇಕೆಂದು ಏಳನ್ನು ಹೆಸರಿಸಿತು. ಮಾತು ಮತ್ತು ಬರಹ, ಆರ್ಥಿಕ ಸಾಮಾಜಿಕ ರಾಜಕೀಯ ವ್ಯವಸ್ಥೆಗಳ ತಿಳಿವಳಿಕೆ, ಆಡಳಿತದ ಅರಿವು, ಸ್ವಂತ ದೇಹ ಮನಸ್ಸುಗಳ ಆರೋಗ್ಯ, ಕಲೆಗಳ ಪರಿಚಯ ಇವು ಮೊದಲ ಐದು. ಆರನೆಯದು, ಪಠ್ಯವಿಷಯಗಳಲ್ಲಾಗಲಿ ಕಸುಬಿನಲ್ಲಾಗಲಿ ಮುಂದಿನ ತರಬೇತಿಗೆ ಬೇಕಾದಷ್ಟು ಸಿದ್ಧತೆ ಪಡೆದು ತನ್ನ ಬದುಕಿನ ಕೆಲಸವನ್ನು ತಾನೇ ವಿವೇಕದಿಂದ ಆರಿಸಿಕೊಳ್ಳುವ ಶಕ್ತಿ. ಏಳನೆಯದು, ನೆರೆರಾಜ್ಯಗಳ ಮಕ್ಕಳೊಡನೆ ಓದಿನಲ್ಲೂ ಉದ್ಯೋಗದ ಮಾರುಕಟ್ಟೆಯಲ್ಲೂ ಸಮನಾಗಿ ಸ್ಪರ್ಧಿಸುವ ಶಕ್ತಿ. ‘ಸಿದ್ಧತೆ’ ಎಂಬುದು ಆಡಳಿತದ ಘೋಷಣೆಯಾಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅದನ್ನು ಮಗುವಿನ ಸಾಂವಿಧಾನಿಕ ಹಕ್ಕಿನ ಭಾಗವೆಂದು, ಅದನ್ನು ಒದಗಿಸುವ ಹೊಣೆ ರಾಜ್ಯದ ಶಾಸಕಾಂಗದ್ದೆಂದು ಈ ತೀರ್ಪು ಖಚಿತವಾಗಿ ಹೇಳಿತ್ತು. ಮುಂದೆ ಬೇರೆ ರಾಜ್ಯಗಳ ನ್ಯಾಯಾಲಯಗಳೂ ಈ ಏಳು ಸಾಮರ್ಥ್ಯಗಳ ಪಟ್ಟಿಯನ್ನು ಆಧಾರವಾಗಿ ಬಳಸಿಕೊಂಡವು. ಸಿದ್ಧತೆಯ ಕುರಿತ ಇಂದಿನ ಚರ್ಚೆ ಅಂಕಗಳ ಲೆಕ್ಕಾಚಾರವಾಗಿ ಕುಗ್ಗಿಹೋದಾಗಲೆಲ್ಲ ಮರಳಿ ಓದಬೇಕಾದ ದಾಖಲೆ ಇದು. ಬದುಕಿನ ಕೆಲಸವನ್ನು ಆರಿಸಿಕೊಳ್ಳುವವನು ವಿದ್ಯಾರ್ಥಿಯೇ ಹೊರತು ಇಲಾಖೆಯಲ್ಲ ಎಂಬ ಅದರ ನಿಲುವಿಗೆ ಸಮನಾದದ್ದು ಆಮೇಲಿನ ನೀತಿಗಳಲ್ಲಿ ವಿರಳ.

ಶಾಸಕಾಂಗ 1990ರಲ್ಲಿ ಕೆಂಟಕಿ ಶಿಕ್ಷಣ ಸುಧಾರಣಾ ಕಾಯ್ದೆಯನ್ನು ತಂದು, ಮಾರಾಟ ತೆರಿಗೆಯನ್ನು ಶೇ 5ರಿಂದ ಶೇ 6ಕ್ಕೆ ಏರಿಸಿ, ಬಡ ಮತ್ತು ಶ್ರೀಮಂತ ಜಿಲ್ಲೆಗಳ ವೆಚ್ಚದ ನಡುವಿನ ಅಂತರವನ್ನು ತಗ್ಗಿಸಿತು. ಹಣದ ಅಂತರ ತಗ್ಗಿತಾದರೂ ಶಾಲೆ ಮತ್ತು ಕಾಲೇಜುಗಳ ನಡುವಿನ ಅಂತರ ಹಾಗೇ ಉಳಿಯಿತು. 2006ರ ಶಾಸನವೊಂದರ ಫಲವಾಗಿ, ಕಾಲೇಜು ಪ್ರವೇಶಕ್ಕೆ ಬಳಕೆಯಾಗುವ ಎಸಿಟಿ ಪರೀಕ್ಷೆಯನ್ನು ಕಾಲೇಜಿಗೆ ಹೋಗುವ ಆಲೋಚನೆ ಇರುವವರು ಇಲ್ಲದವರೆನ್ನದೆ ಹನ್ನೊಂದನೆಯ ತರಗತಿಯ ಎಲ್ಲರೂ ಸರ್ಕಾರದ ಖರ್ಚಿನಲ್ಲಿ ಬರೆಯುವಂತಾಯಿತು. ಬಳಿಕ 2009ರ ಸೆನೆಟ್ ಮಸೂದೆ 1 ಬಂತು. ಹೊಸ ಕಲಿಕಾ ಮಾನದಂಡಗಳನ್ನು ಕಾಲೇಜು ಅಧ್ಯಾಪಕರ ಜೊತೆ ಕುಳಿತು ರೂಪಿಸಬೇಕು, ಹೈಸ್ಕೂಲಿನಿಂದ ನೇರವಾಗಿ ಬಂದು ಪರಿಹಾರ ಬೋಧನೆಗೆ ಬೀಳುವವರ ಪ್ರಮಾಣವನ್ನು 2014ರೊಳಗೆ ಅರ್ಧಕ್ಕಿಳಿಸಬೇಕು ಎಂಬ ಎರಡು ಆಜ್ಞೆಗಳು ಅದರಲ್ಲಿದ್ದವು. ಎರಡನೆಯ ಆಜ್ಞೆಯ ಹೊಣೆಯನ್ನು ಶಾಲಾ ಇಲಾಖೆ ಮತ್ತು ಉನ್ನತ ಶಿಕ್ಷಣ ಮಂಡಳಿ ಎರಡರ ಮೇಲೂ ಒಟ್ಟಿಗೆ ಹೊರಿಸಿದ್ದು ಆ ಕಾನೂನಿನ ಜಾಣತನ.

2010ರ ಫೆಬ್ರವರಿಯಲ್ಲಿ ಕೆಂಟಕಿಯ ಶಾಲಾ ಶಿಕ್ಷಣ ಮಂಡಳಿ, ಉನ್ನತ ಶಿಕ್ಷಣ ಮಂಡಳಿ ಮತ್ತು ಶಿಕ್ಷಕರ ಅರ್ಹತೆ ನಿರ್ಧರಿಸುವ ಮಂಡಳಿ ಮೂರೂ ಒಂದೇ ಸಭೆಯಲ್ಲಿ ಕುಳಿತು, ಬಹುತೇಕ ರಾಜ್ಯಗಳು ಸೇರಿ ರೂಪಿಸುತ್ತಿದ್ದ ‘ಕಾಮನ್ ಕೋರ್’ ಮಾನದಂಡಗಳನ್ನು ಒಪ್ಪಿಕೊಂಡವು. ಪ್ರತಿ ತರಗತಿಯ ಕೊನೆಗೆ ವಿದ್ಯಾರ್ಥಿ ಗಣಿತ ಮತ್ತು ಇಂಗ್ಲಿಷಿನಲ್ಲಿ ಏನೇನು ಬಲ್ಲವನಾಗಿರಬೇಕೆಂದು ಹೇಳುವ ಈ ಪಟ್ಟಿಯ ಅಂತಿಮ ರೂಪ ಜೂನ್‌ನಲ್ಲಿ ಹೊರಬರಲಿತ್ತು. ಅದಕ್ಕೂ ಮುನ್ನವೇ ಒಪ್ಪಿಗೆ ಕೊಟ್ಟ ಮೊದಲ ರಾಜ್ಯ ಕೆಂಟಕಿ. ರಾಜ್ಯದ ಸರ್ಕಾರಿ ಕಾಲೇಜುಗಳೆಲ್ಲವೂ ಎಸಿಟಿಯ ಇಂಗ್ಲಿಷಿನಲ್ಲಿ 18, ಓದಿನಲ್ಲಿ 20, ಗಣಿತದಲ್ಲಿ 19 ಅಂಕ ಪಡೆದವರನ್ನು ಪರಿಹಾರ ಬೋಧನೆಗೆ ಕಳಿಸದೆ ನೇರವಾಗಿ ಕ್ರೆಡಿಟ್ ತರಗತಿಗೆ ಸೇರಿಸಿಕೊಳ್ಳಲು ಒಪ್ಪಿದವು. ಹಳ್ಳಿಯ ಹೈಸ್ಕೂಲಿನ ಗಣಿತ ಶಿಕ್ಷಕಿಗೆ ತನ್ನ ವಿದ್ಯಾರ್ಥಿಗಳನ್ನು ಎಲ್ಲಿಗೆ ಮುಟ್ಟಿಸಬೇಕೆಂಬುದು ಈಗ ಸ್ಪಷ್ಟವಾಗಿ ತಿಳಿದಿತ್ತು. ಆ ಅಂಕ ಮುಟ್ಟದವರಿಗೆ ಹನ್ನೆರಡನೆಯ ತರಗತಿಯಲ್ಲೇ, ಕಾಲೇಜಿಗೆ ಶುಲ್ಕ ಕಟ್ಟುವ ಮೊದಲೇ, ವಿಶೇಷ ಪಾಠ ನಡೆಸಿ ಮರುಪರೀಕ್ಷೆ ಮಾಡುವುದು ಶಾಲೆಯ ಕೆಲಸವಾಯಿತು. ಕರ್ನಾಟಕದ ಶಾಲೆಗಳಲ್ಲಿ ವರ್ಷಾರಂಭಕ್ಕೆ ನಡೆಯುವ ಸೇತುಬಂಧ ಮುಂದಿನ ತರಗತಿಗೆ ಬಂದ ಮೇಲೆ ಹಿಂದಿನದನ್ನು ತುಂಬಿಕೊಡುವ ಪ್ರಯತ್ನ. ಕೆಂಟಕಿ ಆ ಸೇತುವೆಯನ್ನು ಹೊಳೆಯ ಈಚೆಯ ದಡದಿಂದಲೇ ಕಟ್ಟಲು ಹೊರಟಿತು.

ಅಂಕಿಗಳು ಬೆರಗು ಹುಟ್ಟಿಸುವಂತೆ ಏರಿದವು. 2010ರಲ್ಲಿ ಕಾಲೇಜಿಗೆ ಅಥವಾ ಉದ್ಯೋಗಕ್ಕೆ ಸಿದ್ಧರೆಂದು ಲೆಕ್ಕಕ್ಕೆ ಸಿಕ್ಕ ಹೈಸ್ಕೂಲು ಪದವೀಧರರು ಶೇ 34. 2014ರಲ್ಲಿ ಅದು ಶೇ 62ನ್ನು ದಾಟಿತ್ತು. ಇದನ್ನು ಎಚ್ಚರದಿಂದ ಓದಬೇಕು. ಅದೇ ಅವಧಿಯಲ್ಲಿ ರಾಜ್ಯದ ಹನ್ನೊಂದನೆಯ ತರಗತಿಯವರ ಎಸಿಟಿ ಸರಾಸರಿ 36ಕ್ಕೆ 18ರ ಆಸುಪಾಸಿನಿಂದ 19ರ ಆಸುಪಾಸಿಗೆ ಮಾತ್ರ ಸರಿದಿತ್ತು. ಏರಿಕೆಯ ಒಂದು ದೊಡ್ಡ ಭಾಗ, ಎಸಿಟಿಯಲ್ಲಿ ಮುಟ್ಟದವರು ಕಂಪಾಸ್ ಮತ್ತು ರಾಜ್ಯದ ವಿಶ್ವವಿದ್ಯಾಲಯಗಳೇ ರೂಪಿಸಿದ ಕ್ಯೋಟಿ ಎಂಬ ಪರ್ಯಾಯ ಪರೀಕ್ಷೆಗಳಲ್ಲಿ ತೇರ್ಗಡೆಯಾದದ್ದರಿಂದ ಬಂತು. ಇವುಗಳಲ್ಲಿ ಕಂಪಾಸ್ ವಿದ್ಯಾರ್ಥಿಗಳನ್ನು ಸರಿಯಾದ ತರಗತಿಗೆ ಸೇರಿಸುವುದರಲ್ಲಿ ವಿಶ್ವಾಸಾರ್ಹವಲ್ಲವೆಂಬ ಟೀಕೆಗೆ ಗುರಿಯಾಗಿ, ಅದನ್ನು ನಡೆಸುತ್ತಿದ್ದ ಎಸಿಟಿ ಸಂಸ್ಥೆಯೇ 2016ರಲ್ಲಿ ಕೈಬಿಟ್ಟಿತು. ಇನ್ನೊಂದು ಭಾಗ ಉದ್ಯೋಗ ಸಿದ್ಧತೆಯ ಖಾತೆಯಿಂದ ಬಂತು. ಹಾಗಾದರೆ ಏರಿಕೆ ಪೊಳ್ಳೇ? ಪೂರ್ತಿ ಅಲ್ಲ. ಹನ್ನೆರಡನೆಯ ತರಗತಿಯ ಕೊನೆಯ ತಿಂಗಳುಗಳು ವ್ಯರ್ಥವಾಗದೆ, ಹಿಂದುಳಿದವರನ್ನು ಹೆಸರು ಹಿಡಿದು ಗುರುತಿಸಿ ಅವರಿಗಾಗಿ ಶಿಕ್ಷಕರನ್ನು ನಿಯೋಜಿಸುವ ಅಭ್ಯಾಸ ಬೆಳೆದದ್ದು ನಿಜವಾದ ಲಾಭ. ಆದರೆ ಕಲಿಕೆ ಹೆಚ್ಚಿದ್ದಕ್ಕಿಂತ ಎಣಿಕೆ ಹೆಚ್ಚಿದ್ದು ವೇಗವಾಗಿತ್ತು ಎನ್ನುವುದನ್ನು ಮುಚ್ಚಿಡಲಾಗದು.

ಉದ್ಯೋಗ ಸಿದ್ಧತೆಯ ಅರ್ಧಭಾಗ ಎಲ್ಲ ರಾಜ್ಯಗಳಲ್ಲೂ ದುರ್ಬಲವಾಗಿಯೇ ಉಳಿದಿದೆ. ಕಾಲೇಜಿನ ಮೊದಲ ವರ್ಷವೆಂದರೆ ಏನೆಂದು ಎಲ್ಲರಿಗೂ ಗೊತ್ತು. ‘ಉದ್ಯೋಗ’ ಎಂಬುದಕ್ಕೆ ಅಂಥ ಒಂದೇ ಬಾಗಿಲಿಲ್ಲ. ಕೆಂಟಕಿಯಲ್ಲಿ ಉದ್ಯೋಗಕ್ಕೆ ಸಿದ್ಧನೆನಿಸಿಕೊಳ್ಳಲು ವಿದ್ಯಾರ್ಥಿಯು ಕೆಲಸದ ಸ್ಥಳದಲ್ಲಿ ಬೇಕಾಗುವ ಓದು, ಲೆಕ್ಕ, ನಕ್ಷೆಗಳ ಬಳಕೆಯನ್ನು ಅಳೆಯುವ ವರ್ಕ್‌ಕೀಸ್ ಪರೀಕ್ಷೆಯನ್ನೋ, ಸೇನೆಯ ಅರ್ಹತಾ ಪರೀಕ್ಷೆಯನ್ನೋ ದಾಟಿ, ಅದರ ಜೊತೆಗೆ ರಾಜ್ಯದ ಕೌಶಲ ಪರೀಕ್ಷೆಯನ್ನೋ ಉದ್ಯಮದ ಪ್ರಮಾಣಪತ್ರವನ್ನೋ ಪಡೆಯಬೇಕಿತ್ತು. ಉದ್ಯಮದ ಪ್ರಮಾಣಪತ್ರವೆಂದರೆ ವೆಲ್ಡಿಂಗ್, ಶುಶ್ರೂಷೆ, ವಾಹನ ದುರಸ್ತಿ, ಕಂಪ್ಯೂಟರ್ ಜಾಲಗಳಂಥ ಕ್ಷೇತ್ರದ ವೃತ್ತಿಸಂಸ್ಥೆಗಳು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಪುರಾವೆ. ಇಂಥ ಪತ್ರಗಳಿಗೆ ಶಾಲೆಯ ಶ್ರೇಯಾಂಕದಲ್ಲಿ ಬೆಲೆ ಬಂದೊಡನೆ, ಸುಲಭವಾಗಿ ಸಿಗುವ ಮತ್ತು ಯಾವ ಮಾಲೀಕನೂ ಕೇಳದ ಪತ್ರಗಳನ್ನು ಹೆಚ್ಚು ಹೆಚ್ಚು ವಿದ್ಯಾರ್ಥಿಗಳಿಂದ ಬರೆಸುವ ಆಸೆ ಶಾಲೆಗಳಿಗೆ ಹುಟ್ಟುವುದು ಸಹಜ. ಕೆಂಟಕಿ 2017ರ ಇನ್ನೊಂದು ಕಾನೂನಿನಿಂದ, ಯಾವ ಪ್ರಮಾಣಪತ್ರಕ್ಕೆ ಬೇಡಿಕೆಯಿದೆಯೆಂದು ನಿರ್ಧರಿಸುವ ಕೆಲಸದಲ್ಲಿ ಉದ್ಯಮಗಳ ಪ್ರತಿನಿಧಿಗಳಿರುವ ರಾಜ್ಯ ಮಂಡಳಿಗೆ ಪಾತ್ರ ಕೊಟ್ಟು ಇದನ್ನು ತಿದ್ದಲು ಯತ್ನಿಸಿತು. ಟೆಕ್ಸಸ್ ಎದುರಿಸಿದ್ದೂ ಇದೇ ಸಮಸ್ಯೆ. ಶಾಲೆಗಳಿಗೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಡುವ ಆ ರಾಜ್ಯದಲ್ಲಿ ಕಾಲೇಜು, ಉದ್ಯೋಗ ಅಥವಾ ಸೇನೆಗೆ ಸಿದ್ಧರಾದವರು ಶೇ 60 ಇದ್ದರೆ ಆ ಅಂಶದಲ್ಲಿ ‘ಎ’ ಸಿಗುತ್ತಿತ್ತು. ಬಹುಪಾಲು ಶಾಲೆಗಳು ಅದನ್ನು ದಾಟಿದ ಮೇಲೆ ರಾಜ್ಯದ ಶಿಕ್ಷಣ ಸಂಸ್ಥೆ 2023ರಲ್ಲಿ ಮಿತಿಯನ್ನು ಶೇ 88ಕ್ಕೆ ಏರಿಸಿತು, ಆಗಲೇ ಶಾಲೆ ಬಿಟ್ಟುಹೋಗಿದ್ದ ವಿದ್ಯಾರ್ಥಿಗಳ ಲೆಕ್ಕಕ್ಕೂ ಹೊಸ ಮಿತಿಯನ್ನು ಅನ್ವಯಿಸುವುದು ಅನ್ಯಾಯವೆಂದು ಹಲವು ಶಾಲಾ ಜಿಲ್ಲೆಗಳು ನ್ಯಾಯಾಲಯಕ್ಕೆ ಹೋದವು.

ಉದ್ಯೋಗ ಸಿದ್ಧತೆ ನಿಜವಾಗಿ ಫಲಿಸಿದ ಉದಾಹರಣೆ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿದೆ. ಅಲ್ಲಿ ಟೊಯೊಟಾ ಕಂಪನಿಯ ದೊಡ್ಡ ಕಾರು ಕಾರ್ಖಾನೆಯಿದ್ದು, 2010ರಲ್ಲಿ ಕಂಪನಿ, ನೆರೆಯ ಸಮುದಾಯ ಕಾಲೇಜು (ಎರಡು ವರ್ಷದ ಸರ್ಕಾರಿ ಕಾಲೇಜು) ಮತ್ತು ಸುತ್ತಲಿನ ಕಾರ್ಖಾನೆಗಳು ಸೇರಿ ‘ಫೇಮ್’ ಎಂಬ ತರಬೇತಿ ಕ್ರಮವನ್ನು ಆರಂಭಿಸಿದವು. ವಿದ್ಯಾರ್ಥಿಗಳು ವಾರದಲ್ಲಿ ಎರಡು ದಿನ ತರಗತಿಯಲ್ಲಿ, ಮೂರು ದಿನ ಕಾರ್ಖಾನೆಯಲ್ಲಿ ಸಂಬಳದೊಂದಿಗೆ ಕಲಿಯುತ್ತಾ ಐದು ಸೆಮಿಸ್ಟರ್‌ಗಳಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿಯನ್ನೂ, ಯಂತ್ರ ನಿರ್ವಹಣೆಯ ಪರಿಣತಿಯನ್ನೂ ಪಡೆಯುತ್ತಾರೆ. ಬ್ರೂಕಿಂಗ್ಸ್ ಮತ್ತು ಆಪರ್ಚುನಿಟಿ ಅಮೆರಿಕ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೇಮ್ ಸೇರಿದವರಲ್ಲಿ ಸುಮಾರು ಶೇ 80 ಮಂದಿ ಓದು ಪೂರ್ಣಗೊಳಿಸಿದ್ದರೆ ಹೋಲಿಕೆಗೆ ತೆಗೆದುಕೊಂಡ ಇತರ ವಿದ್ಯಾರ್ಥಿಗಳಲ್ಲಿ ಆ ಪ್ರಮಾಣ ಶೇ 30ರ ಒಳಗಿತ್ತು. ಕರ್ನಾಟಕಕ್ಕೂ ಈ ಕಥೆಗೂ ನೇರ ನಂಟೊಂದಿದೆ: ಅದೇ ಕಂಪನಿ ಬಿಡದಿಯಲ್ಲಿ 2007ರಿಂದ ನಡೆಸುತ್ತಿರುವ ತಾಂತ್ರಿಕ ತರಬೇತಿ ಸಂಸ್ಥೆ, ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ಮೂರು ವರ್ಷದ ವಸತಿಸಹಿತ ಶಿಕ್ಷಣ ಕೊಡುತ್ತಿದೆ. ಎರಡೂ ಕಡೆ ಗುಟ್ಟು ಒಂದೇ, ಮಾಲೀಕ ಕಲಿಕೆಗೆ ಹಣ ಹಾಕಿದ್ದಾನೆ. ಎರಡೂ ಕಡೆಯ ಮಿತಿಯೂ ಒಂದೇ, ಸೀಟುಗಳು ಕೆಲವೇ. ಕಲ್ಲಿದ್ದಲ ಗಣಿಗಳು ಮುಚ್ಚುತ್ತಿರುವ ಪೂರ್ವ ಕೆಂಟಕಿಯ ಕಣಿವೆಗಳಲ್ಲಿ ಟೊಯೊಟಾ ಇಲ್ಲ, ಹಾಗಾಗಿ ಅಲ್ಲಿನ ಮಗುವಿನ ಕೈಗೆ ಸಿಗುವುದು ಪ್ರಮಾಣಪತ್ರ, ಕೆಲಸವಲ್ಲ. ಉದ್ಯೋಗವಿಲ್ಲದ ಊರಿನಲ್ಲಿ ಉದ್ಯೋಗ ಸಿದ್ಧತೆಯನ್ನು ಶಾಲೆಯೊಂದೇ ಸೃಷ್ಟಿಸಲಾರದು ಎಂಬ ಮಾತನ್ನು ನೀತಿಪತ್ರಗಳು ಸಾಕಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಟೆನೆಸಿಯ ಕಥೆ ಕಾಲೇಜಿನ ಬಾಗಿಲಿನಿಂದ ಶುರುವಾಗುತ್ತದೆ. ಅಲ್ಲಿಯೂ ಮೊದಲಿಗೆ ಶಾಲೆಯನ್ನೇ ತಿದ್ದುವ ಪ್ರಯತ್ನ ನಡೆದಿತ್ತು. ಚಟ್ಟನೂಗದ ಸಮುದಾಯ ಕಾಲೇಜೊಂದು ಆರಂಭಿಸಿದ ‘ಸೇಲ್ಸ್’ ಕಾರ್ಯಕ್ರಮದಲ್ಲಿ, ಎಸಿಟಿ ಗಣಿತದಲ್ಲಿ 19 ಮುಟ್ಟದವರು ಹನ್ನೆರಡನೆಯ ತರಗತಿಯಲ್ಲೇ ಕಾಲೇಜಿನ ಪರಿಹಾರ ಬೋಧನೆಯನ್ನು ಮುಗಿಸಿಕೊಳ್ಳುತ್ತಿದ್ದರು. ಅವರಿಗೆ ಸಮಯ ಮತ್ತು ಹಣ ಉಳಿಯಿತಾದರೂ ಗಣಿತದ ಸಾಮರ್ಥ್ಯ ಹೆಚ್ಚಲಿಲ್ಲವೆಂದು ಹಾರ್ವರ್ಡ್‌ನ ಥಾಮಸ್ ಕೇನ್ ಮತ್ತು ಜೊತೆಗಾರರ ಅಧ್ಯಯನ ಕಂಡುಕೊಂಡಿತು. ಅಷ್ಟರಲ್ಲಿ ರಾಜ್ಯದ ಉನ್ನತ ಶಿಕ್ಷಣ ಮಂಡಳಿ ಬೇರೊಂದು ಪ್ರಶ್ನೆ ಕೇಳತೊಡಗಿತ್ತು: ಪರಿಹಾರ ಬೋಧನೆಯ ತಡೆಯನ್ನೇ ತೆಗೆದರೆ ಏನಾಗುತ್ತದೆ? 2015ರ ಶರತ್ಕಾಲದಿಂದ ಸಮುದಾಯ ಕಾಲೇಜುಗಳೆಲ್ಲ ಹಿಂದುಳಿದ ವಿದ್ಯಾರ್ಥಿಗಳನ್ನೂ ನೇರವಾಗಿ ಕ್ರೆಡಿಟ್ ತರಗತಿಗೆ ಸೇರಿಸಿಕೊಂಡು, ಅದೇ ಸೆಮಿಸ್ಟರಿನಲ್ಲಿ ಅದಕ್ಕೆ ಜೋಡಿಯಾಗಿ ಹೆಚ್ಚುವರಿ ಗಂಟೆಗಳ ನೆರವು ಕೊಡಲಾರಂಭಿಸಿದವು. ಕೋರಿಕ್ವಿಸಿಟ್ ಎಂದು ಕರೆಯಲಾಗುವ ಈ ಕ್ರಮ ಬರುವ ಮೊದಲು, ಗಣಿತದ ಪರಿಹಾರ ಬೋಧನೆಗೆ ಬಿದ್ದವರಲ್ಲಿ ಒಂದು ವರ್ಷದೊಳಗೆ ಕಾಲೇಜು ಗಣಿತದಲ್ಲಿ ತೇರ್ಗಡೆಯಾಗುತ್ತಿದ್ದವರು ಶೇ 12ರಷ್ಟು. ಹೊಸ ಕ್ರಮದ ಮೊದಲ ಸೆಮಿಸ್ಟರಿನಲ್ಲೇ ಅದು ಶೇ 51ಕ್ಕೆ ಏರಿತು.

ಮಕ್ಕಳು ಒಂದು ಬೇಸಿಗೆಯಲ್ಲಿ ಬದಲಾಗಿರಲಿಲ್ಲ, ಹೈಸ್ಕೂಲುಗಳೂ ಬದಲಾಗಿರಲಿಲ್ಲ. ಪ್ರವೇಶ ಹಂತದ ಪರೀಕ್ಷೆಗಳು ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿಗಳನ್ನು ತಪ್ಪು ತರಗತಿಗೆ ಕಳಿಸುತ್ತವೆ, ಹೈಸ್ಕೂಲಿನ ನಾಲ್ಕು ವರ್ಷಗಳ ಸರಾಸರಿ ಅಂಕ ಅವುಗಳಿಗಿಂತ ಉತ್ತಮ ಸೂಚಕ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮುದಾಯ ಕಾಲೇಜು ಸಂಶೋಧನಾ ಕೇಂದ್ರದ ಜುಡಿತ್ ಸ್ಕಾಟ್–ಕ್ಲೇಟನ್ 2012ರಲ್ಲೇ ತೋರಿಸಿದ್ದರು. ಸಿದ್ಧರಲ್ಲವೆಂದು ಹಣೆಪಟ್ಟಿ ಹಚ್ಚಿಸಿಕೊಂಡವರಲ್ಲಿ ಅನೇಕರು ಸ್ವಲ್ಪ ನೆರವಿದ್ದರೆ ಸಾಕು ಎನ್ನುವಷ್ಟು ಸಿದ್ಧರಾಗಿಯೇ ಇದ್ದರು; ಅವರನ್ನು ಹಿಂದಕ್ಕೆ ತಳ್ಳುತ್ತಿದ್ದ ಪದ್ಧತಿಯೇ ಅವರ ಸೋಲನ್ನು ತಯಾರಿಸುತ್ತಿತ್ತು. ಉಳಿದ ಅರ್ಧದಷ್ಟು ಮಂದಿ ಆಗಲೂ ತೇರ್ಗಡೆಯಾಗಲಿಲ್ಲವೆಂಬುದನ್ನು ಮರೆಯುವಂತಿಲ್ಲ, ಅವರ ಮಟ್ಟಿಗೆ ಶಾಲೆಯಲ್ಲಿ ಆಗಬೇಕಾದ ಕೆಲಸ ಆಗಿರಲಿಲ್ಲ. ಕ್ಯಾಲಿಫೋರ್ನಿಯಾ 2017ರಲ್ಲಿ ಸಮುದಾಯ ಕಾಲೇಜುಗಳ ಪ್ರವೇಶ ಕ್ರಮವನ್ನು ಕಾನೂನಿನಿಂದಲೇ ಬದಲಿಸಿದ್ದು ಇದೇ ದಿಕ್ಕಿನ ಹೆಜ್ಜೆ.

ಟೆನೆಸಿಯ ಅಂದಿನ ಗವರ್ನರ್ ಬಿಲ್ ಹ್ಯಾಸ್ಲಮ್ 2014ರಲ್ಲೇ ತಮ್ಮ ರಾಜ್ಯದ ಪ್ರಯತ್ನಕ್ಕೆ ಹಣದ ಬಲವನ್ನೂ ಸೇರಿಸಿದ್ದರು. ‘ಟೆನೆಸಿ ಪ್ರಾಮಿಸ್’ ಎಂಬ ಯೋಜನೆಯಡಿ ರಾಜ್ಯದ ಹೈಸ್ಕೂಲು ಮುಗಿಸಿದ ಯಾರೇ ಆಗಲಿ ಎರಡು ವರ್ಷದ ಸಮುದಾಯ ಕಾಲೇಜಿನಲ್ಲೋ, ವೃತ್ತಿ ಕಲಿಸುವ ಅನ್ವಯಿಕ ತಂತ್ರಜ್ಞಾನ ಕಾಲೇಜಿನಲ್ಲೋ ಬೋಧನಾ ಶುಲ್ಕವಿಲ್ಲದೆ ಓದಬಹುದು. ಕೇಂದ್ರದ ಮತ್ತಿತರ ವಿದ್ಯಾರ್ಥಿವೇತನಗಳು ಭರಿಸದೆ ಉಳಿದ ಶುಲ್ಕವನ್ನು ಲಾಟರಿ ಆದಾಯದಿಂದ ಕಟ್ಟಿದ ನಿಧಿ ತುಂಬಿಕೊಡುತ್ತದೆ. ಪ್ರತಿಯಾಗಿ ವಿದ್ಯಾರ್ಥಿ ಸ್ವಯಂಸೇವಕ ಮಾರ್ಗದರ್ಶಕರೊಬ್ಬರನ್ನು ಭೇಟಿಯಾಗಬೇಕು, ಪ್ರತಿ ಸೆಮಿಸ್ಟರಿಗೆ ಎಂಟು ಗಂಟೆ ಸಮುದಾಯ ಸೇವೆ ಮಾಡಬೇಕು. ಮನೆಯಲ್ಲಿ ಯಾರೂ ಕಾಲೇಜು ಕಂಡಿರದ ಮಗುವಿಗೆ ಅರ್ಜಿ ತುಂಬುವುದೂ ಒಂದು ಕೋಟೆಯೆಂದು ತಿಳಿದವರು ಮಾಡಿದ ಯೋಜನೆಯಿದು. ಹೀಗಿದ್ದೂ, ಶಾಲೆ ಮುಗಿಸಿ ನೇರ ಕಾಲೇಜು ಸೇರುವವರ ಪ್ರಮಾಣ 2017ರಲ್ಲಿ ಸುಮಾರು ಶೇ 64 ಇದ್ದದ್ದು ಕೋವಿಡ್ ಬಳಿಕ 2021ರಲ್ಲಿ ಶೇ 53ಕ್ಕೆ ಇಳಿದು, ಆಮೇಲೆ ನಿಧಾನವಾಗಿ ಚೇತರಿಸಿಕೊಂಡಿತು. ಗೋದಾಮುಗಳೂ ಹೋಟೆಲುಗಳೂ ಕೂಲಿ ಏರಿಸಿದಾಗ ಬಡ ಮನೆಯ ಮಕ್ಕಳು ಮೊದಲು ದುಡಿಮೆಯತ್ತ ಹೊರಳುತ್ತಾರೆ. ಶುಲ್ಕ ಮನ್ನಾ ಆದರೂ ಬಾಡಿಗೆ, ಊಟ, ಓಡಾಟದ ಖರ್ಚು ಮನ್ನಾ ಆಗಿರುವುದಿಲ್ಲ.

ಕೆಂಟಕಿ ಮೊದಲಿಗೆ ಒಪ್ಪಿಕೊಂಡಿದ್ದ ಕಾಮನ್ ಕೋರ್ ಮಾತ್ರ ರಾಜಕೀಯದ ಸುಳಿಗೆ ಸಿಕ್ಕಿತು. ರಾಜ್ಯಗಳೇ ಹುಟ್ಟುಹಾಕಿದ ಈ ಪ್ರಯತ್ನಕ್ಕೆ ಒಬಾಮಾ ಆಡಳಿತ 435 ಕೋಟಿ ಡಾಲರ್‌ಗಳ ಸ್ಪರ್ಧಾತ್ಮಕ ಅನುದಾನದ ಆಮಿಷ ಒಡ್ಡಿದಾಗ ಅದು ಕೇಂದ್ರದ ಹೇರಿಕೆಯೆಂಬ ಆರೋಪಕ್ಕೆ ಗುರಿಯಾಗಿ, 2014ರಲ್ಲಿ ಇಂಡಿಯಾನಾದಿಂದ ಮೊದಲ್ಗೊಂಡು ಹಲವು ರಾಜ್ಯಗಳು ಅದನ್ನು ಕೈಬಿಟ್ಟವು ಅಥವಾ ಹೆಸರು ಬದಲಿಸಿಕೊಂಡವು. 2015ರ ಡಿಸೆಂಬರಿನಲ್ಲಿ ಜಾರಿಯಾದ ಹೊಸ ಕೇಂದ್ರ ಕಾಯ್ದೆ ಅಧಿಕಾರವನ್ನು ರಾಜ್ಯಗಳಿಗೆ ಮರಳಿಸುತ್ತಲೇ ಒಂದು ಷರತ್ತನ್ನು ಉಳಿಸಿಕೊಂಡಿತು: ರಾಜ್ಯದ ಶಾಲಾ ಮಾನದಂಡಗಳು ಅದೇ ರಾಜ್ಯದ ಸಾರ್ವಜನಿಕ ಕಾಲೇಜುಗಳ ಕ್ರೆಡಿಟ್ ತರಗತಿಗಳ ಪ್ರವೇಶಕ್ಕೂ, ವೃತ್ತಿಶಿಕ್ಷಣದ ಮಾನದಂಡಗಳಿಗೂ ಹೊಂದಿಕೊಂಡಿರಬೇಕು. ಕೆಂಟಕಿಯ ಮೂರು ಮಂಡಳಿಗಳು ಒಂದೇ ಮೇಜಿನ ಸುತ್ತ ಕುಳಿತು ಮಾಡಿದ ಕೆಲಸ ಹೀಗೆ ದೇಶದ ನಿಯಮವಾಯಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ಇದೀಗ ಹೊಸ ರೂಪದಲ್ಲಿ ಬಂದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ 2+8+4 ಮಾದರಿಯನ್ನು, ಅಂದರೆ ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ ಮತ್ತು ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಪ್ರೌಢ ಘಟ್ಟವನ್ನು ಸೂಚಿಸಿದೆ. ಎಸ್ಸೆಸ್ಸೆಲ್ಸಿ ಮತ್ತು ಪಿಯು ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ನಡೆಸುತ್ತಿದ್ದ ಎರಡು ವ್ಯವಸ್ಥೆಗಳು 2022ರಲ್ಲಿ ಒಂದೇ ಮಂಡಳಿಯಾಗಿ ಸೇರಿವೆಯಾದರೂ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಪಿಯು ಮೊದಲ ದಿನದಿಂದ ಅದೇ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕಾದ ಕಂದಕ ಹಾಗೇ ಇದೆ. ಎಂಜಿನಿಯರಿಂಗ್ ಸೀಟಿಗೆ ಪಿಯು ಅಂಕಗಳಿಗೆ ಅರ್ಧ, ಸಿಇಟಿಗೆ ಅರ್ಧ ತೂಕವೆಂದು ನಿಯಮವಿದ್ದರೂ ಆ ಎರಡು ಪರೀಕ್ಷೆಗಳು ಕೇಳುವ ಕಲಿಕೆಯೇ ಬೇರೆಬೇರೆ. ನಾಲ್ಕು ವರ್ಷದ ಪ್ರೌಢ ಘಟ್ಟದ ಪಠ್ಯ ಬರೆಯಲು ಕೂರುವ ಸಮಿತಿಯಲ್ಲಿ ಹೈಸ್ಕೂಲು ಶಿಕ್ಷಕರು ಮತ್ತು ಪಿಯು ಉಪನ್ಯಾಸಕರ ಜೊತೆಗೆ ಪದವಿ ಕಾಲೇಜು, ಪಾಲಿಟೆಕ್ನಿಕ್ ಮತ್ತು ಐಟಿಐಗಳಲ್ಲಿ ಮೊದಲ ವರ್ಷಕ್ಕೆ ಪಾಠ ಹೇಳುವವರಿಗೂ ಸ್ಥಾನವಿರಬೇಕು. ಮೊದಲ ವರ್ಷದಲ್ಲಿ ಎಷ್ಟು ಮಂದಿ, ಯಾವ ವಿಷಯದಲ್ಲಿ, ಯಾವ ಮಾಧ್ಯಮದಿಂದ ಬಂದವರು ಎಡವಿದರೆಂಬ ಲೆಕ್ಕವನ್ನು ಕಾಲೇಜುಗಳು ಪ್ರತಿವರ್ಷ ಪ್ರಕಟಿಸಬೇಕು. ಆ ಲೆಕ್ಕ ಅವರು ಓದಿ ಬಂದ ಶಾಲೆಗೆ ಮರಳಿ ಮುಟ್ಟಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಮೊತ್ತವೂ ಬೇಡ. ವರದಿಯ ಮೇಲೆ ನಿರ್ಧಾರ ಕೈಗೊಳ್ಳುವ ಸರ್ಕಾರವನ್ನು ಪಾಲಕರೂ ಶಿಕ್ಷಕ ಸಂಘಟನೆಗಳೂ ಮೊದಲು ಕೇಳಬೇಕಾದದ್ದು ಈ ಲೆಕ್ಕವನ್ನೇ.